ಗೋವಿನ ಹಾಡು (ಮಕ್ಕಳ ಚಿತ್ರಪುಸ್ತಕವಾಗಿ)

ಪುಣ್ಯಕೋಟಿ ಎಂಬ ಹಸು ಮತ್ತು ಹಸಿದ ಹುಲಿಯ ಕಥೆ ಹೇಳುವ ಕನ್ನಡ ಜನಪದ ಕಥನಗೀತೆ. ಶಾಲಾ ಪಠ್ಯದಿಂದ ಮನೆಮಾತಾದ ಇದು ಸಚಿತ್ರ ಪುಸ್ತಕವಾಗಿಯೂ ಮಕ್ಕಳನ್ನು ತಲುಪಿದೆ. ಹುಲಿಗೆ ಸಿಕ್ಕಿ, ಕರುವಿಗೆ ಹಾಲೂಡಿಸಿ ಬರುವೆನೆಂದು ಹೋದ ಹಸು ಕೊಟ್ಟ ಮಾತಿನಂತೆ ಮರಳುತ್ತದೆ. ಹುಲಿ ಪಶ್ಚಾತ್ತಾಪದಿಂದ ಪ್ರಾಣ ಬಿಡುತ್ತದೆ. ಇದನ್ನು ಸತ್ಯನಿಷ್ಠೆಯ ನೀತಿಕಥೆಯೆಂದು ಓದುವುದು ರೂಢಿ. ಆದರೆ ಹಾಡಿನ ಹೃದಯಭಾಗವಿರುವುದು ಕೊಟ್ಟಿಗೆಯಲ್ಲಿ: ತಬ್ಬಲಿಯಾಗಲಿರುವ ಕರುವಿನ ಅಳಲು, ಅದನ್ನು ಒಡಹುಟ್ಟಿದ ಹಸುಗಳಿಗೆ ಒಪ್ಪಿಸುವ ತಾಯಿಯ ಬೇಡಿಕೆ. ನೀತಿ ತಿಳಿಯುವ ಮೊದಲೇ ಮಗು ಕರುವಿನ ಜಾಗದಲ್ಲಿ ನಿಂತಿರುತ್ತದೆ. ಪ್ರಾಣಿಪ್ರೀತಿಯ ಬೀಜ ಈ ಕಲ್ಪನೆಯಲ್ಲಿದೆ.

ಮಾತನಾಡುವ ಪ್ರಾಣಿಗಳು ತಪ್ಪು ತಿಳಿವಳಿಕೆ ಕೊಡುತ್ತವೆ, ಮಾಂಸಾಹಾರಿಯನ್ನು ಅಪರಾಧಿಯಾಗಿಸುತ್ತವೆ ಎಂಬ ಆಕ್ಷೇಪಗಳಿವೆ. ಮೊದಲನೆಯದು ದುರ್ಬಲ, ಹಸು ಮಾತನಾಡುವುದು ಕಥೆಯಲ್ಲಿ ಮಾತ್ರವೆಂದು ಮಕ್ಕಳಿಗೆ ಬೇಗ ತಿಳಿಯುತ್ತದೆ. ಎರಡನೆಯದರಲ್ಲಿ ಹುರುಳಿದೆ, ಏಕೆಂದರೆ ಬೇಟೆ ಹುಲಿಯ ಬದುಕೇ ಹೊರತು ಪಾಪವಲ್ಲ. ಪರಿಹಾರ ಪುಸ್ತಕವನ್ನು ಮುಚ್ಚಿಡುವುದಲ್ಲ, ಅದರ ಜೊತೆಗೆ ನಿಜವಾದ ಪ್ರಾಣಿಗಳನ್ನೂ ಪರಿಚಯಿಸುವುದು. ಉದಾಹರಣೆಗೆ, ಮಂಡ್ಯ ಜಿಲ್ಲೆಯಲ್ಲಿ ಇದಕ್ಕೆ ಅನುಕೂಲ ಹೇರಳ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು ಶ್ರೀರಂಗಪಟ್ಟಣದ ಬಳಿಯಿದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ವನ್ಯಧಾಮ (1974) ತೋಳಗಳಿಗೂ, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ಧಾಮ (1981) ನವಿಲುಗಳಿಗೂ ಹೆಸರಾಗಿವೆ. ಕುರಿ ಹಿಡಿಯುವ ತೋಳಕ್ಕೂ ರಕ್ಷಣೆ ಬೇಕೆಂದು ಅರಿತ ಮಗು ಹಾಡಿನ ಹುಲಿಯನ್ನೂ ನ್ಯಾಯವಾಗಿ ನೋಡಬಲ್ಲದು. ಹೀಗೆ ಓದಿಸಿದಾಗ ಗೋವಿನ ಹಾಡು ಇಂದಿಗೂ ಕನ್ನಡ ಮಕ್ಕಳ ಮೊದಲ ಪ್ರಾಣಿಪಾಠವಾಗಲು ಯೋಗ್ಯ.