ಮಗ್ಗದ ಸದ್ದು, ರಾಯಚೂರಿನ ಬೂದಿ

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಸದ್ದಿಗೂ ಕೃಷ್ಣಾ ದಂಡೆಯ ಶಕ್ತಿನಗರದ ಹೊಗೆಗೂ ನಂಟಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಂದಿನಿಂದ ಸುಮಾರು ಎಂಟು ದಶಕ ನಾವು ನೀರನ್ನೇ ನಂಬಿದ್ದೆವು. ಮಳೆ ಕೈಕೊಟ್ಟರೆ ಲಿಂಗನಮಕ್ಕಿ ಬರಿದು, ಇಲ್ಲಿ ಮಗ್ಗ ಸ್ತಬ್ಧ.

ಹಾಗಾಗಿ ಕಲ್ಲಿದ್ದಲಿನತ್ತ ನೋಡಬೇಕಾಯಿತು. ಕರ್ನಾಟಕದಲ್ಲಿ ಅದರ ಗಣಿಯಿಲ್ಲ. ರಾಯಚೂರಿನಲ್ಲಾದರೆ ಕೃಷ್ಣೆಯ ನೀರಿತ್ತು, ರೈಲು ದಾರಿಯಿತ್ತು, ಸಿಂಗರೇಣಿ ಗಣಿಗಳೂ ತಕ್ಕಮಟ್ಟಿಗೆ ಹತ್ತಿರ. 1985ರಲ್ಲಿ 210 ಮೆಗಾವಾಟ್‌ನ ಮೊದಲ ಘಟಕ ಶುರುವಾಯಿತು. ವಿಸ್ತರಣೆ ಅಲ್ಲಿಗೆ ನಿಲ್ಲಲಿಲ್ಲ. 2010ರಲ್ಲಿ ಎಂಟನೆಯ ಘಟಕ ಸೇರಿ ಒಟ್ಟು ಸಾಮರ್ಥ್ಯ 1720 ಮೆಗಾವಾಟ್ ಆಯಿತು. ಬಳಿಕ ಸಮೀಪದ ಯರಮರಸ್‌ನಲ್ಲಿ ತಲಾ 800 ಮೆಗಾವಾಟ್‌ನ ಇನ್ನೆರಡು.

ಮೆಗಾವಾಟ್ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ; ಬೂದಿಯ ಲೆಕ್ಕ ಕೇಳುವವರು ಕಡಿಮೆ. ನಮ್ಮ ದೇಶದ ಕಲ್ಲಿದ್ದಲಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಬೂದಿಯೇ. ಮೂರು ಲಾರಿ ಸುಟ್ಟರೆ ಒಂದು ಲಾರಿ ಉಳಿದಂತೆ! ಒಂದಷ್ಟು ಸಿಮೆಂಟಿಗೆ, ಇಟ್ಟಿಗೆಗೆ ಹೋಗುತ್ತದೆ, ಮಿಕ್ಕದ್ದು ಹೊಂಡಕ್ಕೆ. ಗಾಳಿ ಎದ್ದಾಗ ಅದು ಎಲ್ಲಿಗೆ ಹೋಗುತ್ತದೆಂಬುದು ದೇವಸೂಗೂರಿನ ಸುತ್ತಲಿನವರಿಗೆ ಗೊತ್ತು. ದೊಡ್ಡಬಳ್ಳಾಪುರದ ದಾರಿಯ ಯಲಹಂಕದಲ್ಲಿ, ಹಳೆಯ ಡೀಸೆಲ್ ಸ್ಥಾವರವಿದ್ದಲ್ಲಿ, 370 ಮೆಗಾವಾಟ್‌ನ ಅನಿಲ ಸ್ಥಾವರ ಬಂದಿದೆ. ಅಲ್ಲಿ ಬೂದಿ ಹೊಂಡವಿಲ್ಲ.