ನೀರು ಬರುವ ತನಕ

ನಲ್ಲಿಗೂ ಒಂದು ಚರಿತ್ರೆ ಇದೆ ಎಂದರೆ ನಗುವವರು ಇದ್ದಾರೆ. ಚರಿತ್ರೆ ಎಂದರೆ ಕೋಟೆ, ಕಾಳಗ, ಪಟ್ಟಾಭಿಷೇಕ ಎಂದು ಶಾಲೆಯಲ್ಲಿ ಉರು ಹೊಡೆದವರಲ್ಲವೇ ನಾವು! ಆದರೆ ಬೆಳಗಾದರೆ ಕೊಡ, ಹಂಡೆ, ಬಕೆಟ್ಟುಗಳ ಮುಖ ನೋಡಿಯೇ ಏಳುವ ಹೆಂಗಸಿಗೆ, ತನ್ನ ಊರಿಗೆ ನೀರು ಯಾವಾಗ, ಎಲ್ಲಿಂದ, ಯಾರ ಲೆಕ್ಕಾಚಾರದಂತೆ ಬಂತು ಎನ್ನುವುದಕ್ಕಿಂತ ಹತ್ತಿರದ ಚರಿತ್ರೆ ಬೇರೆ ಯಾವುದಿದ್ದೀತು? ನಾನು ಹುಟ್ಟಿ ಬೆಳೆದ ಬೆಂಗಳೂರಿನ ನೀರಿನ ಕತೆಯನ್ನು ಈ ಕಣ್ಣಿನಿಂದಲೇ ಓದುತ್ತ ಬಂದಿದ್ದೇನೆ.

ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಸಮುದ್ರಮಟ್ಟಕ್ಕೆ ಸುಮಾರು ಮೂರು ಸಾವಿರ ಅಡಿ ಮೇಲೆ ದಿಣ್ಣೆಯ ನೆತ್ತಿಯಲ್ಲಿ ಕೂತ ಊರು ಇದು. ಬಿದ್ದ ಮಳೆ ದಿಕ್ಕಿಗೊಂದಾಗಿ ಇಳಿದು ಹೋಗುತ್ತದೆ. ಅದಕ್ಕೇ ಹಿರಿಯರು ತಗ್ಗು ಕಂಡಲ್ಲೆಲ್ಲ ಏರಿ ಕಟ್ಟಿ ಕೆರೆ ಮಾಡಿದರು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ, ಹಲಸೂರು, ಹೀಗೆ ಹೆಸರುಗಳೇ ಒಂದು ಸಾಲು. ಕೆರೆಯ ನೀರು ತೋಟಕ್ಕೆ, ದನಕರುಗಳಿಗೆ, ಬಟ್ಟೆ ಒಗೆಯಲಿಕ್ಕೆ. ಇಂಗಿ ಬಾವಿಗೆ ಬಂದದ್ದು ಕುಡಿಯಲಿಕ್ಕೆ. ಹಳೆಯದನ್ನು ಹೊಗಳುವ ಉತ್ಸಾಹದಲ್ಲಿ ನಾವು ಮರೆಯುವುದೊಂದಿದೆ. ಬಾವಿಕಟ್ಟೆ ಎಲ್ಲ ಜಾತಿಯವರದೂ ಆಗಿರಲಿಲ್ಲ, ಮತ್ತು ಹಗ್ಗ ಜಗ್ಗುವ ಕೈ ಹೆಚ್ಚಾಗಿ ಹೆಂಗಸಿನದೇ ಆಗಿತ್ತು.

1876ರಿಂದ 78ರವರೆಗಿನ ಭೀಕರ ಬರ ಈ ವ್ಯವಸ್ಥೆಯನ್ನು ಬುಡದಿಂದ ಅಲುಗಿಸಿತು. ಕರ್ನಲ್ ರಿಚರ್ಡ್ ಸ್ಯಾಂಕಿಯ ಹೆಸರಿನ ಕೆರೆ 1882ರಲ್ಲಿ ಆಯಿತು. ಅದೂ ಸಾಲದಾದಾಗ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಊರು ಮೊದಲ ಸಲ ತನ್ನ ಎಲ್ಲೆ ದಾಟಿ ನೀರಿಗಾಗಿ ಕೈಚಾಚಿತು. ವಾಯವ್ಯಕ್ಕಿದ್ದ ಹೆಸರಘಟ್ಟದಲ್ಲಿ ಅರ್ಕಾವತಿಯನ್ನು ತಡೆದು, ಸೋಲದೇವನಹಳ್ಳಿಯ ಪಂಪುಗಳಿಂದ ಎತ್ತಿ, ಮಲ್ಲೇಶ್ವರದತ್ತ ಕಳಿಸುವ ಯೋಜನೆ ಅದು. 1894ರಲ್ಲಿ ಕೆಲಸ ಹಿಡಿದು 1896ರಲ್ಲಿ ನೀರು ಬಂತು. ಮಹಾರಾಜರ ನೆನಪಿಗೆ ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಹೆಸರಾಯಿತು. ನೀರು ಸೋಸುವ ಜಾಗಕ್ಕೆ ಆಮೇಲೆ ಬಂದ ಹೆಸರು ಜ್ಯುವೆಲ್ ಫಿಲ್ಟರ್. ಕೇಳಿದವರಿಗೆ ಒಡವೆ ಅಂಗಡಿ ನೆನಪಾದರೆ ತಪ್ಪೇನಿಲ್ಲ, ಅಲ್ಲಿಂದ ಬರುತ್ತಿದ್ದುದು ಒಡವೆಗಿಂತ ಹೆಚ್ಚಿನದೇ.

ಯೋಜನೆ ಹಾಕಿದವರಿಗೆ ಕಾಲ ಮಾಡಿದ ಮೊದಲ ತಮಾಷೆ ವಿಚಿತ್ರವಾದದ್ದು. 1891ರ ಜನಗಣತಿಯಲ್ಲಿ ಊರು ಮತ್ತು ದಂಡು ಸೇರಿ ಸುಮಾರು 1 ಲಕ್ಷ 80 ಸಾವಿರ ಜನರಿದ್ದರು. 1898ರಲ್ಲಿ ಪ್ಲೇಗು ಬಂತು. 1901ರ ಹೊತ್ತಿಗೆ ಉಳಿದವರು 1 ಲಕ್ಷ 59 ಸಾವಿರ. ನೀರು ಬಂದಾಗ ಜನ ಕಡಿಮೆಯಾಗಿದ್ದರು! ಈ ಊರಿನ ಚರಿತ್ರೆಯಲ್ಲಿ ಮತ್ತೆಂದೂ ಹಾಗಾಗಲಿಲ್ಲ. ಪ್ಲೇಗಿನ ಭಯಕ್ಕೆ ಗಾಳಿ ಬೆಳಕಿನ ಹೊಸ ಬಡಾವಣೆಗಳು ಬೆಳೆದವು. ಮಲ್ಲೇಶ್ವರ, ಬಸವನಗುಡಿ ತುಂಬಿಕೊಂಡವು. 1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಒಣಗಿತು. ಮತ್ತೆ ಹುಡುಕಾಟ. ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯಂತೆ, ಮಾಗಡಿ ದಿಕ್ಕಿನ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿ ಕುಮುದ್ವತಿಗಳು ಕೂಡುವ ಕಡೆ ಅಣೆಕಟ್ಟೆ ಎದ್ದಿತು. 1933ರಲ್ಲಿ ಅಲ್ಲಿಂದ ನೀರು ಹರಿಯಿತು. ಆಗ ಊರಿನ ಜನಸಂಖ್ಯೆ 3 ಲಕ್ಷದ ಆಸುಪಾಸು.

ಇಲ್ಲಿಂದ ಮುಂದೆ ಚರಿತ್ರೆ ಬರೆಯುವವರು ಒಂದೇ ನೆಗೆತಕ್ಕೆ 1974ಕ್ಕೆ ಹೋಗಿಬಿಡುತ್ತಾರೆ, ಕಾವೇರಿ ಬಂದ ವರ್ಷಕ್ಕೆ. ನನಗೆ ಹಾಗೆ ನೆಗೆಯಲು ಮನಸ್ಸಾಗುವುದಿಲ್ಲ. ನಡುವೆ ನಲವತ್ತೊಂದು ವರ್ಷಗಳಿವೆ. ಅಷ್ಟರಲ್ಲಿ ಮಹಾಯುದ್ಧ ಬಂತು, ವಿಮಾನ ಕಾರ್ಖಾನೆ ಬಂತು, ಐಟಿಐ, ಎಚ್‌ಎಂಟಿ, ಬಿಇಎಲ್ ಬಂದವು. 1941ರಲ್ಲಿ 4 ಲಕ್ಷವಿದ್ದವರು 1951ಕ್ಕೆ 7 ಲಕ್ಷ 79 ಸಾವಿರವಾದರು, 1971ಕ್ಕೆ 16 ಲಕ್ಷ ದಾಟಿದರು. ಹೊಸದಾಗಿ ದೊಡ್ಡ ನೀರಿನ ಮೂಲ ಮಾತ್ರ ಒಂದೂ ಬರಲಿಲ್ಲ. ಹಾಗಾದರೆ ಊರು ಬದುಕಿದ್ದು ಹೇಗೆ?

ನಮ್ಮಮ್ಮನಂಥವರಿಂದ. ನಾವಿದ್ದದ್ದು ಏಳು ಮನೆಗಳ ವಠಾರದಲ್ಲಿ. ಏಳು ಮನೆಗೂ ಒಂದು ನಲ್ಲಿ, ಹಿತ್ತಲಲ್ಲಿ ಒಂದು ಸೇದುಬಾವಿ. ನಲ್ಲಿಯಲ್ಲಿ ನೀರು ಬರುವುದು ಅಪರಾತ್ರಿಯಲ್ಲಿ. ಮೊದಲು ಸುಸ್ಸೆಂದು ಗಾಳಿ ಬರುತ್ತಿತ್ತು, ಆ ಸದ್ದಿಗೆ ಏಳೂ ಮನೆಯ ಚಿಲಕ ತೆಗೆದುಕೊಳ್ಳುತ್ತಿದ್ದವು. ಗಂಡಸರಿಗೆ ಎಚ್ಚರವಾಗುತ್ತಿರಲಿಲ್ಲ, ಇದು ಯಾವ ಶಾಸ್ತ್ರದ ಪ್ರಕಾರವೋ ತಿಳಿಯದು. ಮನೆಗೆ ಮೂರು ಕೊಡ ಎಂಬ ಕಟ್ಟಳೆಯನ್ನು ಹೆಂಗಸರೇ ಮಾಡಿಕೊಂಡಿದ್ದರು. ಬಾಣಂತಿ ಇರುವ ಮನೆಗೆ ಒಂದು ಹೆಚ್ಚು. ಬಾವಿಯ ನೀರು ಗಡುಸು, ಅದರಲ್ಲಿ ಬೇಳೆ ಬೇಯದು. ಆದ್ದರಿಂದ ನಲ್ಲಿ ನೀರು ಬೇಳೆಗೆ, ಕಾಫಿಗೆ, ಕುಡಿಯಲಿಕ್ಕೆ. ಬಾವಿ ನೀರು ಪಾತ್ರೆಗೆ, ಬಚ್ಚಲಿಗೆ. ತರಕಾರಿ ತೊಳೆದ ನೀರು ತುಳಸಿಗೆ, ಅಕ್ಕಿ ತೊಳೆದದ್ದು ಎದುರು ಮನೆಯ ಹಸುವಿಗೆ. ಒಂದು ಹನಿ ಎರಡು ಸಲ ದುಡಿಯದೆ ಮೋರಿ ಸೇರುತ್ತಿರಲಿಲ್ಲ.

ನಗರಗಳ ನೀರಿನ ಯೋಜನೆಗಳಲ್ಲಿ ದಿನಕ್ಕೆ ತಲಾ 135 ಲೀಟರು ಎಂಬ ರೂಢಿಯ ಅಳತೆಯೊಂದಿದೆ. ಮುಂದಿನ ಮೂವತ್ತು ವರ್ಷಕ್ಕೆ ಎಷ್ಟು ಜನರಾಗಬಹುದು ಎಂದು ಊಹಿಸಿ, ಅದರಿಂದ ಗುಣಿಸಿ, ಕೊಳವೆಯ ಗಾತ್ರ ಗೊತ್ತುಮಾಡುತ್ತಾರೆ. ಲೆಕ್ಕ ಸರಿಯಾದದ್ದೇ, ನನಗೆ ಅದರ ಮೇಲೆ ಜಗಳವಿಲ್ಲ. ಆದರೆ ಲೆಕ್ಕ ತಪ್ಪಿ ಊರು ಮೊದಲೇ ಬೆಳೆದುಬಿಟ್ಟರೆ, ಹೊಸ ನೀರು ಬರುವ ತನಕದ ವರ್ಷಗಳನ್ನು ಯಾರು ಹೊರುತ್ತಾರೆ ಎಂಬ ಅಂಕಣ ಆ ಕಾಗದದಲ್ಲಿ ಇರುವುದಿಲ್ಲ. ಅಮ್ಮ ನಿದ್ದೆಗೆಟ್ಟ ರಾತ್ರಿಗಳನ್ನು ಯಾವ ಎಂಜಿನಿಯರೂ ಖರ್ಚಿಗೆ ಬರೆದುಕೊಳ್ಳಲಿಲ್ಲ.

1964ರಲ್ಲಿ ಜಲಮಂಡಳಿ ಹುಟ್ಟಿತು. ಹತ್ತು ವರ್ಷದ ಮೇಲೆ ಕಾವೇರಿ ಬಂದಳು. ಸುಮ್ಮನೆ ಬರಲಿಲ್ಲ ಎನ್ನಿ. ಮಳವಳ್ಳಿ ಸೀಮೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ, ಅರ್ಧ ಕಿಲೋಮೀಟರು ಎತ್ತರ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಹಾಕಿ ಮೇಲೆತ್ತಬೇಕು. ಮಂಡಳಿಯ ಖರ್ಚಿನಲ್ಲಿ ಕರೆಂಟಿನ ಬಿಲ್ಲೇ ದೊಡ್ಡ ಪಾಲಾಗಿದ್ದರೆ ಅಚ್ಚರಿಯೇನು? ಮೊದಲ ಹಂತ 1974, ಎರಡನೆಯದು 1982, ಮೂರನೆಯದು 1993, ನಾಲ್ಕನೆಯದು 2002 ಮತ್ತು 2012ರಲ್ಲಿ ಎರಡು ಕಂತಾಗಿ. ಎಲ್ಲ ಸೇರಿ ದಿನಕ್ಕೆ ಸುಮಾರು 145 ಕೋಟಿ ಲೀಟರು. ಅದರಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಬಹುಕಾಲ ಸೋರಿಯೋ, ಕದ್ದೋ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ನಮ್ಮ ವಠಾರದಲ್ಲಾಗಿದ್ದರೆ ಪಂಚಾಯಿತಿ ಸೇರುತ್ತಿತ್ತು!

ಒಂದೊಂದು ಹೊಸ ನೀರು ಬಂದಾಗಲೂ ಹಳೆಯದರ ಕೆಲಸ ಹೋಯಿತು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಕರಗದ ವಿಧಿಗೆಂದು ಒಂದಿಷ್ಟು ಕೊಳ ಮಾತ್ರ ಮೂಲೆಯಲ್ಲಿ ಉಳಿಯಿತು. ತಿಪ್ಪಗೊಂಡನಹಳ್ಳಿಯ ಮೇಲ್ಭಾಗದಲ್ಲಿ ನೀಲಗಿರಿ ತೋಪು, ಬೋರ್‌ವೆಲ್ಲು, ಬಡಾವಣೆಗಳು ಹೆಚ್ಚಿ ಅರ್ಕಾವತಿಯ ಹರಿವು ಸೊರಗಿತು. ನಮ್ಮ ವಠಾರದ ಬಾವಿಗೂ ಕಾವೇರಿ ಬಂದ ಕೆಲವು ವರ್ಷಕ್ಕೆ ಕಲ್ಲುಚಪ್ಪಡಿ ಬಿತ್ತು. ಮನೆಯಲ್ಲೇ ಹೊಸ ಹಾಸಿಗೆ ಬಂತೆಂದು ಹಳೆಯ ಕಂಬಳಿಯನ್ನು ಬೀದಿಗೆ ಎಸೆಯುವ ಗೃಹಿಣಿಯನ್ನು ನಾನು ಕಂಡಿಲ್ಲ. ಊರಿಗೆ ಮಾತ್ರ ಈ ಬುದ್ಧಿ ಇಲ್ಲವಾಯಿತು. ಮನೆಗಳಲ್ಲಿ ಮಳೆನೀರು ಹಿಡಿಯುವುದನ್ನು ಕಾಯಿದೆ ಮಾಡಿ ಹೇಳಬೇಕಾಗಿ ಬಂದದ್ದು 2009ರಲ್ಲಿ.

ಹೊಸ ಕಾಲದ "ನೀರು ಬರುವ ತನಕ" ಊರಿನ ಅಂಚಿಗೆ ಸರಿದಿದೆ. 2007ರಲ್ಲಿ ಸುತ್ತಲಿನ ನಗರಸಭೆಗಳ ಜೊತೆಗೆ 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿದರು. ಹೆಸರು ಅಂದೇ ಸೇರಿತು, ನೀರು ಸೇರಲು ಹದಿನೇಳು ವರ್ಷ ಹಿಡಿಯಿತು. ನಡುವೆ 2018ರಲ್ಲಿ ಸುಪ್ರೀಂ ಕೋರ್ಟು ಕಾವೇರಿಯಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದೇ 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. 2024ರ ಬೇಸಗೆಯಲ್ಲಿ ಊರಿನ ಸುಮಾರು 14 ಸಾವಿರ ಸಾರ್ವಜನಿಕ ಬೋರ್‌ವೆಲ್ಲುಗಳಲ್ಲಿ ಅರ್ಧದಷ್ಟು ಬತ್ತಿದವು. ಟ್ಯಾಂಕರಿನ ಹಿಂದೆ ಪ್ಲಾಸ್ಟಿಕ್ ಕೊಡ ಹಿಡಿದು ಓಡುವವರ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ನೋಡಿದ್ದೀರಲ್ಲ, ಅವುಗಳಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು? ಅದೇ ವರ್ಷ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಯಾಯಿತು. ಆ ಹಳ್ಳಿಗಳಿಗೆಂದೇ ದಿನಕ್ಕೆ 77.5 ಕೋಟಿ ಲೀಟರು.

ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸು ಆ 110 ಹಳ್ಳಿಗಳಲ್ಲೊಂದರವಳು. ಕೊಳವೆ ಬಂತೇ ಎಂದು ಮೊನ್ನೆ ವಿಚಾರಿಸಿದೆ.

"ಬಂದೈತೆ ಅಕ್ಕ, ಬೆಳಿಗ್ಗೆ ಒಂಬತ್ತಕ್ಕೆ ಬಿಡ್ತಾರೆ" ಎಂದಳು.

ಒಂಬತ್ತಕ್ಕೆ ಅವಳು ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುತ್ತಿರುತ್ತಾಳೆ. ಹಾಗಾದರೆ ಹಿಡಿಯುವವರು ಯಾರು ಎಂದೆ.

"ಮಗಳು. ಅವಳು ಸ್ಕೂಲಿಗೆ ಒಂದು ಪೀರಿಯಡ್ ತಡವಾಗಿ ಹೋಗ್ತಾಳೆ ಅಕ್ಕ, ಮೇಷ್ಟ್ರಿಗೆ ಹೇಳಿದೀನಿ."