ಬ್ಲೇಕ್ಸ್: ಕರಡು ಬರೆದವರ ಕಚೇರಿ

ಟೊರೊಂಟೊದ ಬೇ ಸ್ಟ್ರೀಟ್ ಕೆನಡಾದ ಹಣಕಾಸು ವ್ಯವಹಾರದ ಬೀದಿ. ಅಲ್ಲಿನ ಕಾಮರ್ಸ್ ಕೋರ್ಟ್ ಕಟ್ಟಡದಲ್ಲಿರುವ 'ಬ್ಲೇಕ್, ಕ್ಯಾಸಲ್ಸ್ ಅಂಡ್ ಗ್ರೇಡನ್' (ಚಿಕ್ಕದಾಗಿ ಬ್ಲೇಕ್ಸ್) ವಕೀಲರ ಕಚೇರಿ ಕೆನಡಾ ಒಕ್ಕೂಟಕ್ಕಿಂತ ಹಳೆಯದು. ಒಕ್ಕೂಟ ಹುಟ್ಟಿದ್ದು 1867ರಲ್ಲಿ; ಕಚೇರಿಯ ಸ್ಥಾಪಕ ಎಡ್ವರ್ಡ್ ಬ್ಲೇಕ್ ಸನದು ಪಡೆದು ವಕೀಲಿ ಹಿಡಿದದ್ದು 1856ರಲ್ಲಿ. ತಮ್ಮ ಸ್ಯಾಮ್ಯುಯೆಲ್ ಕೂಡ ಬಂದು ಸೇರಿಕೊಂಡರು.

ಎಡ್ವರ್ಡ್ ಒಂಟಾರಿಯೊ ಪ್ರಾಂತ್ಯದ ಪ್ರೀಮಿಯರ್ ಆದರು, ಒಕ್ಕೂಟದ ನ್ಯಾಯಮಂತ್ರಿಯಾದರು, ಲಿಬರಲ್ ಪಕ್ಷವನ್ನು ಮುನ್ನಡೆಸಿದರು. 1892ರಲ್ಲಿ ಐರ್ಲೆಂಡಿನಿಂದ ಬ್ರಿಟಿಷ್ ಪಾರ್ಲಿಮೆಂಟಿಗೂ ಹೋದರು. 1888ರಲ್ಲಿ ತೀರ್ಮಾನವಾದ ಸೇಂಟ್ ಕ್ಯಾಥರೀನ್ಸ್ ಮಿಲ್ಲಿಂಗ್ ಮೊಕದ್ದಮೆಯಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ಒಂಟಾರಿಯೊ ಪರ ವಾದಿಸಿದವರಲ್ಲಿ ಅವರೂ ಒಬ್ಬರು. ಕಾಡು ಪ್ರಾಂತ್ಯದ್ದೋ ಒಕ್ಕೂಟದ್ದೋ ಎಂಬುದು ವ್ಯಾಜ್ಯ. ಒಂಟಾರಿಯೊ ಗೆದ್ದಿತು. ಆ ನೆಲದ ಒಜಿಬ್ವೆ ಜನರನ್ನು ಮಾತ್ರ ಯಾರೂ ಪಕ್ಷಗಾರರನ್ನಾಗಿ ಮಾಡಲಿಲ್ಲ. ಆ ಅನ್ಯಾಯವನ್ನು ಬಿಟ್ಟು ಈ ಗೆಲುವಿನ ಕಥೆ ಹೇಳಬಾರದು. ಬ್ರಿಟಿಷರ ಕಾಲದಲ್ಲಿ ನಮ್ಮ ಧಾರವಾಡ, ಮಂಗಳೂರು ಕಡೆಯ ದೊಡ್ಡ ಸಿವಿಲ್ ದಾವೆಗಳ ಕೊನೆಯ ಮೆಟ್ಟಿಲೂ ಅದೇ ಪ್ರಿವಿ ಕೌನ್ಸಿಲ್ ಆಗಿತ್ತು. ಭಾರತ, ಕೆನಡಾ ಎರಡೂ ದೇಶಗಳು ಅಲ್ಲಿಗೆ ಮೇಲ್ಮನವಿ ಒಯ್ಯುವುದನ್ನು ನಿಲ್ಲಿಸಿದ್ದು 1949ರಲ್ಲಿ.

ಹೆಸರು ಬ್ಲೇಕ್ ಅವರದ್ದಾದರೂ ಕಂಪನಿ ವಕೀಲಿಯ ಅಡಿಪಾಯ ಹಾಕಿದವರು ಜೆಬ್ಯುಲನ್ ಲ್ಯಾಶ್ ಎಂಬುದು ನನ್ನ ದೃಢ ಅಭಿಪ್ರಾಯ. ನ್ಯಾಯ ಇಲಾಖೆಯ ಉಪಮಂತ್ರಿ, ಅಂದರೆ ನಮ್ಮಲ್ಲಿನ ಕಾರ್ಯದರ್ಶಿಗೆ ಸಮಾನವಾದ ಅಧಿಕಾರಿ, ಆಗಿದ್ದ ಅವರು 1882ರಲ್ಲಿ ಈ ಕಚೇರಿಗೆ ಬಂದರು. ಕೆನಡಿಯನ್ ಬ್ಯಾಂಕ್ ಆಫ್ ಕಾಮರ್ಸ್, ಕೆನಡಿಯನ್ ನಾರ್ದರ್ನ್ ರೈಲ್ವೆ ಅವರ ಕಕ್ಷಿದಾರರು. ಆಗ ರೈಲ್ವೆಗೆ ಬೇಕಾದ ಹಣ ಹುಟ್ಟುತ್ತಿದ್ದುದು ಲಂಡನ್ನಿನಲ್ಲಿ. ಹುಲ್ಲುಗಾವಲಿನಲ್ಲಿ ಇನ್ನೂ ಹಾಕದ ಹಳಿಯನ್ನು ನಂಬಿ ಅಲ್ಲಿಯವರು ಸಾಲ ಕೊಡಬೇಕಿತ್ತು. ಅದಕ್ಕಾಗಿ ಹಳಿ, ಎಂಜಿನ್, ನಿಲ್ದಾಣಗಳನ್ನು ಟ್ರಸ್ಟಿಗೆ ಅಡಮಾನ ಬರೆದುಕೊಡುವುದು, ಮೈಲಿಗೆ ಇಂತಿಷ್ಟು ಎಂದು ಪ್ರಾಂತ್ಯ ಸರ್ಕಾರದ ಜಾಮೀನು ಪಡೆಯುವುದು, ಬಡ್ಡಿ ತಪ್ಪಿದರೆ ಯಾರ ಹಕ್ಕು ಮೊದಲು ಎಂದು ನಿಗದಿ ಮಾಡುವುದು, ಇವೆಲ್ಲ ಕಾಗದದ ಮೇಲೆ ಗಟ್ಟಿಯಾಗಿ ನಿಲ್ಲಬೇಕು. ಒಂದು ವಾಕ್ಯ ಸಡಿಲವಾದರೂ ಸಾಲ ಕೊಟ್ಟವನೂ ಪಡೆದವನೂ ಕೋರ್ಟಿಗೆ ಅಲೆಯಬೇಕಾಗುತ್ತಿತ್ತು. ಕೋರ್ಟಿನ ಮೆಟ್ಟಿಲು ಹತ್ತದಂತೆ ನೋಡಿಕೊಳ್ಳುವ ಈ ವಕೀಲಿಗೆ ಚಪ್ಪಾಳೆ ಸಿಗುವುದಿಲ್ಲ. ಆದರೆ ದೇಶ ಕಟ್ಟಿದ್ದರಲ್ಲಿ ಇದರ ಪಾಲು ದೊಡ್ಡದು.

ಕೆಲಸದ ಸ್ವರೂಪ ಇಂದೂ ಹೆಚ್ಚು ಬದಲಾಗಿಲ್ಲ, ಕಟ್ಟಳೆಗಳು ಹೆಚ್ಚಿವೆ. ವಿದೇಶಿಯೊಬ್ಬ ಅಲ್ಲಿನ ದೊಡ್ಡ ಕಂಪನಿಯನ್ನು ಕೊಳ್ಳುವುದಾದರೆ ಸ್ಪರ್ಧಾ ಕಾಯ್ದೆ, ಇನ್ವೆಸ್ಟ್‌ಮೆಂಟ್ ಕೆನಡಾ ಕಾಯ್ದೆ ಎರಡನ್ನೂ ನೋಡಬೇಕು. ನಮ್ಮ ಸೆಬಿಯಂಥ ಒಂದೇ ರಾಷ್ಟ್ರೀಯ ಸಂಸ್ಥೆ ಕೆನಡಾದಲ್ಲಿಲ್ಲ. ಷೇರುಪೇಟೆಯ ನಿಯಂತ್ರಣ ಪ್ರಾಂತ್ಯಗಳದ್ದು. ಇದನ್ನು ಬದಲಿಸಲು ಒಕ್ಕೂಟ ಸರ್ಕಾರ ತಂದ ಕಾಯ್ದೆಯ ಕರಡು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕ್ವಿಬೆಕ್‌ನಲ್ಲಂತೂ ಫ್ರೆಂಚ್ ಪರಂಪರೆಯ ಸಿವಿಲ್ ಸಂಹಿತೆ. ಆದ್ದರಿಂದಲೇ ಬ್ಲೇಕ್ಸ್‌ಗೆ ಮಾಂಟ್ರಿಯಲ್, ಎಣ್ಣೆಯ ಊರು ಕ್ಯಾಲ್ಗರಿ, ಗಣಿ ಕಂಪನಿಗಳ ವ್ಯಾಂಕೂವರ್ ಎಲ್ಲೆಡೆ ಕಚೇರಿ ಬೇಕಾಯಿತು.

ಬೆಂಗಳೂರಿನಲ್ಲಿ ಕಾನೂನು ಓದಿ ಅಲ್ಲಿಗೆ ಹೋದವರು ನೇರವಾಗಿ ಇಂಥ ಕಚೇರಿಗಳಲ್ಲಿ ವಕೀಲರಾಗಲು ಬರುವುದಿಲ್ಲ. ಮೊದಲು ರಾಷ್ಟ್ರೀಯ ಮಾನ್ಯತಾ ಸಮಿತಿ ಅವರ ಪದವಿಯನ್ನು ತೂಗಿ ನೋಡಿ, ಕೆನಡಾದ ಸಂವಿಧಾನ, ಆಡಳಿತ ಕಾನೂನು ಮುಂತಾದ ವಿಷಯಗಳಲ್ಲಿ ಪರೀಕ್ಷೆ ಬರೆಸುತ್ತದೆ. ಆಮೇಲೆ ಪ್ರಾಂತ್ಯದ ಲಾ ಸೊಸೈಟಿಯ ಪರೀಕ್ಷೆ, ಹಿರಿಯರ ಕೈಕೆಳಗೆ ತರಬೇತಿ. ಕಾಮನ್ ಲಾ ಓದಿದ ನಮ್ಮ ಹುಡುಗ ಹುಡುಗಿಯರಿಗೆ ಕರಾರು ಕಾಯ್ದೆ ಹೊಸದೆನಿಸುವುದಿಲ್ಲ. ಹೊಸದಾಗಿ ಕಲಿಯಬೇಕಾದ್ದು ಯಾವ ವಿಷಯ ಪ್ರಾಂತ್ಯಕ್ಕೆ, ಯಾವುದು ಒಕ್ಕೂಟಕ್ಕೆ ಎಂಬ ಹಂಚಿಕೆ.